ಹೊಸ ಜಾಕೆಟ್ ಬೇಕಾ, ಅಟ್ಟದ ಮೇಲಿನ ಕಂಬಳಿ ಸಾಕಾ?

ಬಿ.ಕಾಂ ಓದಿದ್ದೀನಲ್ಲ, ಈ ವಾರ ನನ್ನದೇ ಖರ್ಚಿನ ಪುಸ್ತಕ ತೆಗೆದು ಕೂತಿದ್ದೀನಿ.

ಹೋದ ವರ್ಷ ಗೆಳೆಯರ ಜೊತೆ ನಾಲ್ಕು ಸಲ ಸುತ್ತಾಟ. ಚನ್ನಗಿರಿಯ ಸೂಳೆಕೆರೆ, ಹೊನ್ನಾಳಿಯ ತುಂಗಭದ್ರಾ ತೀರ, ನ್ಯಾಮತಿಯ ತೀರ್ಥರಾಮೇಶ್ವರ, ಕೊನೆಗೆ ಜಗಳೂರಿನ ರಂಗಯ್ಯನದುರ್ಗದ ಕಡೆ. ಇದಕ್ಕಾಗಿ ಜಾಕೆಟ್, ಟೆಂಟ್, ಬ್ಯಾಗ್ ಅಂತ ಕೊಂಡಿದ್ದು 12,000 ರೂಪಾಯಿಗೆ, ಅದೂ ಕಂತಿನಲ್ಲಿ. ಭಾಗಿಸಿ ನೋಡಿ, ಒಂದು ಸಲಕ್ಕೆ 3,000 ರೂಪಾಯಿ!

ಜಗಳೂರಿನ ದಾರಿಯಲ್ಲಿ ಜಿಟಿಜಿಟಿ ಮಳೆ. ನಾವು ಜಾಕೆಟ್ ಹುಡುಕೋ ಗಡಿಬಿಡಿಯಲ್ಲಿದ್ರೆ, ಕುರಿ ಕಾಯೋ ಅಜ್ಜ ಒಬ್ಬರು ಕಂಬಳಿ ಕೊಪ್ಪೆ ಹಾಕ್ಕೊಂಡು ಆರಾಮಾಗಿ ನಿಂತಿದ್ರು. ಎಷ್ಟು ವರ್ಷದ್ದಜ್ಜ ಅಂದೆ. "ಮಗಳ ಮದುವೆ ವರ್ಷ ತಗೊಂಡಿದ್ದು. ಈಗ ಮೊಮ್ಮಗ ಹೈಸ್ಕೂಲು" ಅಂದ್ರು.

ಕಂಬಳಿ ಹೇಗೆ ಕೆಲಸ ಮಾಡುತ್ತೆ? ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಹೀರಿಕೊಂಡರೂ ಬೆಚ್ಚಗಿರುತ್ತೆ. ಕುರಿಯ ತುಪ್ಪಟ ಕತ್ತರಿಸಿ, ಕೈಯಲ್ಲಿ ನೂತು, ಹಾಸು ನೂಲು ಗಟ್ಟಿಯಾಗಲಿ ಅಂತ ಹುಣಸೆಬೀಜದ ಗಂಜಿ ಬಳಿದು, ಗುಂಡಿ ಮಗ್ಗದಲ್ಲಿ ನೇಯ್ತಾರೆ. ಕುರಿಯ ಕಪ್ಪೇ ಬಣ್ಣ, ಬೇರೆ ಬಣ್ಣ ಬೇಡ. ಹಾಗಂತ ಅದೇನು ಪವಾಡ ಅಲ್ಲ. ಭಾರ ಜಾಸ್ತಿ, ಚುಚ್ಚುತ್ತೆ, ಪೂರ್ತಿ ನೆಂದ್ರೆ ಒಣಗೋಕೆ ಹೊತ್ತು ಬೇಕು.

ನಮ್ಮ ದಾವಣಗೆರೆ, ಬಳ್ಳಾರಿ, ಚಿತ್ರದುರ್ಗ ಕಡೆಯ ಬಳ್ಳಾರಿ ತಳಿಯ ಕುರಿಗೆ ಒರಟು ಉಣ್ಣೆ. ಸ್ವೆಟರ್‌ಗೆ ಆಗಲ್ಲ, ಕಂಬಳಿಗೆ ಹೇಳಿ ಮಾಡಿಸಿದ್ದು. ಅಂದ್ರೆ ಕಂಬಳಿ ಕೇಳೋರಿಲ್ಲ ಅಂದ್ರೆ ಆ ಉಣ್ಣೆಗೂ ಬೆಲೆ ಇಲ್ಲ. ಕುರಿಯಿಂದ ಮುಖ್ಯವಾಗಿ ಸಿಗೋದು ಮಾಂಸದ ದುಡ್ಡೇ. ನೂಲುವ ಹೆಂಗಸರ ಕೂಲಿಯೂ ಅಲ್ಲಿಗೆ ನಿಲ್ಲುತ್ತೆ.

ಎಲ್ಲದಕ್ಕೂ ಕಂಬಳಿ ಸಾಲದು, ಒಪ್ತೀನಿ. ಬೆನ್ನಿಗೆ ಬ್ಯಾಗ್ ಬೇಕೇ ಬೇಕು. ಬೆಂಗಳೂರಿನಲ್ಲೇ ಹುಟ್ಟಿದ ವೈಲ್ಡ್‌ಕ್ರಾಫ್ಟ್‌ನಂಥ ಕಂಪನಿಗಳಿವೆ. ಆದರೆ ಬ್ರ್ಯಾಂಡ್ ಹೆಸರು ನೋಡಿ ನಿರ್ಧರಿಸಬೇಡಿ, ಲೇಬಲ್ ಓದಿ. "ಮಾರ್ಕೆಟೆಡ್ ಬೈ" ಅಂದ್ರೆ ಮಾರಿದವರು ಅಷ್ಟೇ. "ಮೇಡ್ ಇನ್" ಅಂದ್ರೆ ತಯಾರಾದ ದೇಶ. ಪರದೇಶದ ಬ್ರ್ಯಾಂಡ್ ಇಲ್ಲೇ ಹೊಲಿಸಿರಬಹುದು, ನಮ್ಮ ಬ್ರ್ಯಾಂಡ್ ಹೊರಗಿಂದ ತರಿಸಿರಬಹುದು. ಆಮದಾದ ಪ್ಯಾಕೆಟ್ ಮೇಲೆ ಮೂಲ ದೇಶದ ಹೆಸರು ಹಾಕಲೇಬೇಕು ಅಂತ ನಿಯಮ ಇದೆ.

ಇನ್ನೊಂದು ಮಾತು. ಸ್ವದೇಶಿ ಅನ್ನೋ ನೆಪದಲ್ಲಿ ಮೂರನೇ ಬ್ಯಾಗ್ ಕೊಂಡ್ರೆ ಅದು ದೇಶಸೇವೆ ಅಲ್ಲ, ದುಂದುವೆಚ್ಚ. ಈಗ ನಾನು ಕೇಳ್ಕೊಳ್ಳೋದು ಮೂರೇ ಪ್ರಶ್ನೆ: ಮನೆಯಲ್ಲಿ ಇದೆಯಾ? ಯಾರಾದ್ರೂ ಎರಡು ದಿನಕ್ಕೆ ಕೊಡ್ತಾರಾ? ಕಿತ್ತುಹೋದ್ರೆ ನಮ್ಮೂರ ದರ್ಜಿ ಹೊಲಿಯೋಕಾಗುತ್ತಾ? ಹೋದ ತಿಂಗಳು ಬ್ಯಾಗಿನ ಜಿಪ್ ಹೋಯ್ತು. ಹೊನ್ನಾಳಿಯಲ್ಲಿ 60 ರೂಪಾಯಿಗೆ ಸರಿಯಾಯ್ತು.

ನಾನು ಕಂಬಳಿ ಕೊಂಡೆನಾ? ಇಲ್ಲ. ಅಜ್ಜಿಯದು ಅಟ್ಟದ ಮೇಲೆ ಸಿಕ್ತು. ಎಲ್ಲರೂ ಹೀಗೇ ಮಾಡಿದ್ರೆ ನೇಕಾರರ ಗತಿಯೇನು ಅಂತ ನೀವು ಕೇಳಬಹುದು, ನ್ಯಾಯವಾದ ಪ್ರಶ್ನೆಯೇ. ನನ್ನ ಉತ್ತರ ಇಷ್ಟು: ಕಡಿಮೆ ಕೊಳ್ಳೋಣ, ಕೊಳ್ಳುವಾಗ ಚೌಕಾಸಿ ಬಿಡೋಣ. ತಮ್ಮನಿಗೆ ಕಂಬಳಿ ಬೇಕಂತೆ. ಈ ಸಲ ನೇಯ್ದವರ ಮನೆಗೇ ಹೋಗಿ, ಅವರು ಹೇಳಿದ ಬೆಲೆ ಕೊಟ್ಟು ತರ್ತೀನಿ.

ನಿಮ್ಮ ಅಟ್ಟದ ಮೇಲೆ ಏನಿದೆ? ಒಮ್ಮೆ ಹತ್ತಿ ನೋಡಿ. ಮುಂದಿನ ವಾರ ಸಿಗೋಣ.