ಯುವನಿಧಿ: ಊರುಗೋಲು ಮತ್ತು ಕಾಲು

ಅಂತಿಮ ಪರೀಕ್ಷೆ ಮುಗಿದೊಡನೆ ನಮ್ಮ ಮುಂದೆ ನಿಲ್ಲುವ ಪ್ರಶ್ನೆ ‘ಮುಂದೇನು?’ ಎಂಬುದು. ಮಂಡ್ಯ, ಮದ್ದೂರು, ಮಳವಳ್ಳಿಗಳ ಎಷ್ಟೋ ಮನೆಗಳಲ್ಲಿ, ನನ್ನ ಮನೆಯಲ್ಲಿಯೂ, ಪದವಿಯ ಮೆಟ್ಟಿಲೇರಿದವರಲ್ಲಿ ನಾವೇ ಮೊದಲಿಗರು; ದಾರಿ ಹೇಳುವ ಹಿರಿಯರಿಲ್ಲ. ಆದುದರಿಂದ ಸರ್ಕಾರದ ಯುವನಿಧಿ ಯೋಜನೆಯನ್ನು ನಾವೇ ಅರಿತುಕೊಳ್ಳುವುದು ಉಚಿತ.

2023ರ ಡಿಸೆಂಬರ್ 26ರಂದು ಇದರ ನೋಂದಣಿ ಆರಂಭವಾಯಿತು. 2024ರ ಜನವರಿ 12ರಂದು, ವಿವೇಕಾನಂದ ಜಯಂತಿಯ ದಿನ, ಶಿವಮೊಗ್ಗದಲ್ಲಿ ಚಾಲನೆ ದೊರೆಯಿತು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ. ತೇರ್ಗಡೆಯಾಗಿ 180 ದಿನ ಕಳೆದರೂ ಉದ್ಯೋಗ ದೊರೆತಿರಬಾರದು. ಉನ್ನತ ವ್ಯಾಸಂಗಕ್ಕೂ ಸೇರಿರಬಾರದು. ಅರ್ಜಿ ಸೇವಾಸಿಂಧು ಮೂಲಕ. ಹಣ ನೇರವಾಗಿ ಬ್ಯಾಂಕ್ ಖಾತೆಗೆ. ತಾನಿನ್ನೂ ನಿರುದ್ಯೋಗಿಯೆಂದು ಫಲಾನುಭವಿಯೇ ಕಾಲಕಾಲಕ್ಕೆ ಘೋಷಿಸತಕ್ಕದ್ದು. ಕೆಲಸ ಸಿಕ್ಕಿದೊಡನೆ, ಇಲ್ಲವೆ ಎರಡು ವರ್ಷ ತುಂಬಿದೊಡನೆ, ಹಣ ನಿಲ್ಲುತ್ತದೆ.

ಇಲ್ಲಿ ಎರಡು ಅಂಶಗಳು ವಿಚಾರಾರ್ಹವಾಗಿವೆ. ಮೊದಲನೆಯದು ಆ ಆರು ತಿಂಗಳ ಕಾಯುವಿಕೆ. ಅರ್ಜಿ ಶುಲ್ಕ, ಪುಸ್ತಕ, ಬೆಂಗಳೂರಿನ ಪ್ರಯಾಣ ಇವೆಲ್ಲಕ್ಕೂ ಹಣ ಬೇಕಾಗುವುದು ಆಗಲೇ. 2023ರ ಜೂನ್ 11ರಂದು ಬಂದ ಶಕ್ತಿ ಯೋಜನೆಯಿಂದ ಸೋದರಿಯರಿಗೆ ಬಸ್ಸಿನ ಖರ್ಚಾದರೂ ಉಳಿದಿದೆ. ತರುಣರು ಅದನ್ನೂ ಮನೆಯಲ್ಲೇ ಕೇಳಬೇಕು. ಎರಡನೆಯದು, ಓದು ಮುಂದುವರಿಸುವವರಿಗೆ ಹಣವಿಲ್ಲವೆಂಬ ನಿಯಮ. ವಿದ್ಯಾರ್ಥಿವೇತನಗಳು ಬೇರೆ ಇವೆಯೆಂಬುದು ನಿಜ. ಆದರೂ ಎಂ.ಎ. ಸೇರಿದರೆ ಖರ್ಚು, ಮನೆಯಲ್ಲಿ ಕುಳಿತರೆ ಆದಾಯ ಎಂದಾದರೆ, ಬಡ ಮನೆಯವರು ಯಾವುದನ್ನು ಆರಿಸಿಯಾರು?

ಎರಡು ವರ್ಷಕ್ಕೆ ಒಟ್ಟು 72,000 ರೂಪಾಯಿ. ಅಲ್ಪವೆಂದು ಹಳಿಯಲಾಗದು, ಸಾಕೆಂದು ಸುಮ್ಮನಿರಲೂ ಆಗದು. ನಿಧಿ ಊರುಗೋಲೇ ಹೊರತು ಕಾಲಲ್ಲ. ಸಹಪಾಠಿಗಳೇ, ಅರ್ಜಿ ಹಾಕಲು ಸಂಕೋಚ ಬೇಡ. ಕೆಲಸ ಸಿಕ್ಕಿದ ದಿನ ತಿಳಿಸಲು ತಡವೂ ಬೇಡ.