ಹುಬ್ಬುಗಂಟಿಗೆ ಎಷ್ಟು ಯೂನಿಟ್?

ಬೊಟಾಕ್ಸ್ ಮಾಡಿಸಿಕೊಂಡವರನ್ನು ಕೇಳಿ ನೋಡಿ, ಖರ್ಚೆಷ್ಟಾಯಿತು ಎಂಬುದನ್ನು ಥಟ್ಟನೆ ಹೇಳುತ್ತಾರೆ. ಎಷ್ಟು ಯೂನಿಟ್ ಹಾಕಿದರು ಎಂದರೆ ಕೆಲವರಾದರೂ ಹೇಳಿಯಾರು. ಯಾವ ಕಂಪನಿಯ ಯೂನಿಟ್ ಎಂದರೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತಾರೆ. ಅಸಲಿಗೆ ಆ ಮೂರನೆಯ ಪ್ರಶ್ನೆಗೆ ಉತ್ತರ ಸಿಗದೆ ಎರಡನೆಯದಕ್ಕೆ ಅರ್ಥವಿಲ್ಲ.

ಯೂನಿಟ್ ಅಂದರೆ ಮಿಲಿಗ್ರಾಂನಂತೆ ತೂಕವಲ್ಲ. ಹೊಟ್ಟೆಗೆ ಚುಚ್ಚಿದಾಗ ಇಲಿಗಳ ಗುಂಪಿನಲ್ಲಿ ಅರ್ಧದಷ್ಟನ್ನು ಕೊಲ್ಲಬಲ್ಲ ಬೊಟಾಕ್ಸ್‌ನಲ್ಲಿರುವ ಬೊಟುಲಿನಮ್ ವಿಷದ ಪ್ರಮಾಣವೇ ಒಂದು ಯೂನಿಟ್. ಈ ಪರೀಕ್ಷೆ ನಡೆಸುವ ಬಗೆ ಕಂಪನಿಯಿಂದ ಕಂಪನಿಗೆ ಬೇರೆ. ಹಾಗಾಗಿ ಊರೂರಿಗೆ ಬದಲಾಗುತ್ತಿದ್ದ ಹಳೆಯ ಸೇರಿನಂತೆ, ಒಬ್ಬರ ಯೂನಿಟ್ ಇನ್ನೊಬ್ಬರದಕ್ಕೆ ಸಮನಲ್ಲ. ಹುಬ್ಬುಗಳ ನಡುವಿನ ಗೆರೆಗಳಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿರುವ ಪ್ರಮಾಣ ಬೊಟಾಕ್ಸ್ ಆದರೆ 20 ಯೂನಿಟ್, ಅದೇ ಬಗೆಯ ಇನ್ನೊಂದು ಕಂಪನಿಯ ಮದ್ದು ಡಿಸ್‌ಪೋರ್ಟ್ ಆದರೆ 50. ಗೆಳತಿಗೆ ಐವತ್ತು ಹಾಕಿದರು, ನನಗೆ ಇಪ್ಪತ್ತೇ ಎಂದು ಕೊರಗುವುದರಲ್ಲಿ ಹುರುಳಿಲ್ಲ.

ಈ ಮದ್ದು ಶುರುವಾದದ್ದು ಚರ್ಮವೈದ್ಯರ ಕೈಯಲ್ಲಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಕಣ್ಣಿನ ವೈದ್ಯ ಅಲನ್ ಸ್ಕಾಟ್ ಮೆಳ್ಳೆಗಣ್ಣು ಸರಿಪಡಿಸಲು ಅದನ್ನು ಬಳಸಿ 1980ರಲ್ಲಿ ವರದಿ ಮಾಡಿದರು. ವ್ಯಾಂಕೂವರ್‌ನ ಕಣ್ಣಿನ ವೈದ್ಯೆ ಜೀನ್ ಕರೂಥರ್ಸ್ ರೆಪ್ಪೆ ಅದುರುವ ರೋಗಿಗಳಿಗೆ ಚುಚ್ಚುತ್ತಿದ್ದಾಗ ಹುಬ್ಬಿನ ನಡುವಿನ ಗೆರೆಗಳೂ ಮಾಯವಾದವು. ಚರ್ಮವೈದ್ಯರಾದ ಗಂಡ ಅಲಸ್ಟೇರ್ ಜೊತೆ 1992ರಲ್ಲಿ ಅವರು ಅದನ್ನು ಪ್ರಕಟಿಸಿದರು. ಸುಕ್ಕಿಗೆಂದು ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ.

ಬಾಟಲಿಯಲ್ಲಿ ಬರುವ ಬೊಟಾಕ್ಸ್‌ನ 100 ಯೂನಿಟ್ ಕಣ್ಣಿಗೆ ಕಾಣುವುದೇ ಕಷ್ಟ. ಅದರಲ್ಲಿರುವ ವಿಷ ಸುಮಾರು 5 ನ್ಯಾನೋಗ್ರಾಂ. 2.5 ಮಿಲಿಲೀಟರ್ ಸಲೈನ್ ಬೆರೆಸಿದರೆ ಪ್ರತಿ 0.1 ಮಿಲಿಲೀಟರ್‌ನಲ್ಲಿ 4 ಯೂನಿಟ್; ಐದು ಕಡೆ ಚುಚ್ಚಿದರೆ ಇಪ್ಪತ್ತು. ಸಲೈನ್ ಇಮ್ಮಡಿಯಾದರೆ ಅದೇ ಸಿರಿಂಜ್‌ನಲ್ಲಿ ಮದ್ದು ಅರ್ಧ. ಕುರ್ಚಿಯಲ್ಲಿ ಕುಳಿತವರಿಗೆ ಕಾಣುವುದು ಸಿರಿಂಜ್ ಮಾತ್ರ. ಎಷ್ಟು ಸಲೈನ್ ಬೆರೆಸಿದಿರಿ ಎಂದು ಕೇಳಲು ಸಂಕೋಚಪಡಬೇಕಿಲ್ಲ.

ಎಲ್ಲಕ್ಕಿಂತ ನಾಜೂಕಿನ ಲೆಕ್ಕ ಹಣೆಯದು. ಮದ್ದು ಚರ್ಮವನ್ನು ಮುಟ್ಟುವುದೇ ಇಲ್ಲ. ಸ್ನಾಯುವಿಗೆ ‘ಬಿಗಿಯಾಗು’ ಎಂದು ಹೇಳುವ ಅಸಿಟೈಲ್‌ಕೋಲಿನ್ ನರದ ತುದಿಯಿಂದ ಹೊರಬರದಂತೆ ತಡೆಯುತ್ತದೆ. ಹಣೆಯ ಸ್ನಾಯು ಹುಬ್ಬನ್ನು ಮೇಲೆತ್ತುತ್ತದೆ, ಹುಬ್ಬಿನ ನಡುವಿನವು ಕೆಳಗೆಳೆಯುತ್ತವೆ. ಹಣೆಯನ್ನಷ್ಟೇ ಸಡಿಲಿಸಿದರೆ ಕೆಳಗೆಳೆಯುವವು ಗೆಲ್ಲುತ್ತವೆ, ಹುಬ್ಬು ಜೋತುಬೀಳುತ್ತದೆ. ಅದಕ್ಕೇ ಹಣೆಯ 20 ಯೂನಿಟ್‌ಗಳನ್ನು ಹುಬ್ಬಿನ ನಡುವಿನ 20ರ ಜೊತೆಯಲ್ಲೇ ಕೊಡಬೇಕೆಂದು ಬೊಟಾಕ್ಸ್‌ನ ಸೂಚನೆಯಿದೆ. ನಕ್ಕಾಗ ಕಣ್ಣಂಚಿನಲ್ಲಿ ಮೂಡುವ ಗೆರೆಗಳಿಗೆ ಬದಿಗೆ 12ರಂತೆ 24. ಮೂರೂ ಸೇರಿದರೆ 64. ಆದರೆ ವಯಸ್ಸಾದ ಕೆಲವರು ಇಳಿಬಿದ್ದ ರೆಪ್ಪೆಯನ್ನು ತಮಗರಿವಿಲ್ಲದೆ ಹಣೆಯ ಬಲದಿಂದಲೇ ಎತ್ತಿ ಹಿಡಿದಿರುತ್ತಾರೆ. ಅವರಿಗೆ ಈ ಲೆಕ್ಕ ಹಾಗೇ ಹಾಕಿದರೆ ಹಣೆ ನುಣುಪಾಗುತ್ತದೆ, ಕಣ್ಣು ಭಾರವಾಗುತ್ತದೆ. ಗಂಡಸರ ಸ್ನಾಯು ಸಾಮಾನ್ಯವಾಗಿ ದಪ್ಪ, ಅವರಿಗೆ ಹೆಚ್ಚೇ ಬೇಕಾಗಬಹುದು. ಬಲ್ಲ ವೈದ್ಯರು ಸೂಜಿ ಹಿಡಿಯುವ ಮುನ್ನ ನಗಿಸಿ, ಹುಬ್ಬುಗಂಟಿಕ್ಕಿಸಿ ನೋಡುವುದು ಇದಕ್ಕಾಗಿ. ಇಷ್ಟು ಜಾಗಕ್ಕೆ ಇಷ್ಟು ರೇಟು ಎಂಬ ಪ್ಯಾಕೇಜ್‌ಗಳಲ್ಲಿ ಈ ನೋಟಕ್ಕೆ ಪುರುಸೊತ್ತಿರುತ್ತದೆಯೇ ಎಂಬುದು ನನ್ನ ಅನುಮಾನ.

ಕಡಿಮೆಯಾದರೆ ಎರಡು ವಾರದ ಬಳಿಕ ತುಸು ಸೇರಿಸಬಹುದು. ಹೆಚ್ಚಾದದ್ದನ್ನು ಹಿಂತೆಗೆಯುವ ಮದ್ದಿಲ್ಲ. ಪರಿಣಾಮ ಇಳಿಯುವವರೆಗೆ ಮೂರ್ನಾಲ್ಕು ತಿಂಗಳು ಕಾಯಬೇಕು. ಮೂರು ತಿಂಗಳೊಳಗೆ ಮತ್ತೆ ಪೂರ್ತಿ ಚುಚ್ಚಿಸಿಕೊಳ್ಳುವುದೂ ಸಲ್ಲ. ಗರ್ಭಿಣಿಯರಿಗೆ, ಮಯಸ್ತೇನಿಯಾದಂಥ ನರ-ಸ್ನಾಯು ರೋಗವಿದ್ದವರಿಗೆ ಸೌಂದರ್ಯಕ್ಕಾಗಿ ಇದು ಬೇಡ.

ಪ್ರಮಾಣ ಪೂರಾ ತಪ್ಪಿದರೆ ಏನಾದೀತು ಎಂಬುದು 2004ರ ನವೆಂಬರ್‌ನಲ್ಲಿ ಫ್ಲೋರಿಡಾದಲ್ಲಿ ಗೊತ್ತಾಯಿತು. ಅಲ್ಲಿನ ಒಂದು ಕ್ಲಿನಿಕ್ಕಿನಲ್ಲಿ ಸಂಶೋಧನೆಗಷ್ಟೇ ಮೀಸಲಾದ, ಪರವಾನಗಿಯಿಲ್ಲದ ವಿಷವನ್ನು ತರಿಸಿ ಬೊಟಾಕ್ಸ್ ಬದಲು ಚುಚ್ಚಲಾಯಿತು. ಅದರ ಒಂದು ಬಾಟಲಿಯಲ್ಲಿದ್ದದ್ದು 100 ಮೈಕ್ರೋಗ್ರಾಂ. ಚುಚ್ಚಿಸಿಕೊಂಡ ನಾಲ್ವರಿಗೂ ಪಾರ್ಶ್ವವಾಯು ಬಡಿದಂತಾಗಿ ಉಸಿರಾಟಕ್ಕೆ ಯಂತ್ರ ಬೇಕಾಯಿತು. ಅವರ ಮೈಸೇರಿದ ಪ್ರಮಾಣ ಮನುಷ್ಯನನ್ನು ಕೊಲ್ಲಬಲ್ಲದ್ದರ 2,800 ಪಟ್ಟಿಗೂ ಮಿಕ್ಕಿರಬಹುದು ಎಂದು ವೈದ್ಯಕೀಯ ತನಿಖೆ ಅಂದಾಜು ಮಾಡಿತು. ದೀರ್ಘ ಚಿಕಿತ್ಸೆಯ ಬಳಿಕ ನಾಲ್ವರೂ ಬದುಕುಳಿದರು. ಚುಚ್ಚಿದ ವೈದ್ಯನೂ ಅವರಲ್ಲೊಬ್ಬ. ಅವನ ಪರವಾನಗಿ ಅದಾಗಲೇ ಅಮಾನತಿನಲ್ಲಿತ್ತು.