ಎಡಗೈಗೂ ಒಂದು ಧಾಟಿ

ಕಳೆದ ವರ್ಷ ಕಾಲೇಜು ಫೆಸ್ಟ್‌ನ ರಿಹರ್ಸಲ್. ಸೀನಿಯರ್ ಒಬ್ಬರು ನನ್ನ ಕೀಬೋರ್ಡ್ ನಿಲ್ಲಿಸಿ, ‘ಹಾಡೋಳು ಹಾಡಿದ್ದನ್ನೇ ನೀನೂ ನುಡಿಸ್ತಿದ್ರೆ ಬ್ಯಾಂಡ್‌ಗೆ ನೀನ್ಯಾಕೋ?’ ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಎರಡು ದಿನದಲ್ಲಿ ಬ್ಯಾಂಡ್‌ನಿಂದ ನನ್ನನ್ನು ಬಿಟ್ಟರು. ಆಗ ನಗು ಬರಲಿಲ್ಲ.

ಆ ಪ್ರಶ್ನೆಯ ಬೆನ್ನು ಹತ್ತಿದಾಗ ಸಿಕ್ಕ ಪದ ಕೌಂಟರ್‌ಪಾಯಿಂಟ್. ಎರಡು ಧಾಟಿಗಳು ಏಕಕಾಲಕ್ಕೆ ಸಾಗಬೇಕು, ಎರಡಕ್ಕೂ ಸ್ವಂತ ನಡೆ ಇರಬೇಕು, ಸೇರಿದಾಗ ಹಿತವಾಗಿಯೂ ಕೇಳಬೇಕು. ನಮ್ಮ ಕಛೇರಿಗಳಲ್ಲಿ ಪಿಟೀಲು ಹೆಚ್ಚಾಗಿ ಗಾಯಕರನ್ನು ನೆರಳಿನಂತೆ ಹಿಂಬಾಲಿಸುತ್ತದೆ. ಜುಗಲ್‌ಬಂದಿಯಲ್ಲಿ ಹೆಚ್ಚಾಗಿ ಸರದಿ ಇರುತ್ತದೆ. ಇದು ಎರಡೂ ಅಲ್ಲ ಎಂದು ತಿಳಿಯಲು ನನಗೆ ಒಂದು ಸೆಮಿಸ್ಟರೇ ಬೇಕಾಯಿತು. (ಅದೇ ಸೆಮಿಸ್ಟರ್‌ನಲ್ಲಿ ಮ್ಯಾಥ್ಸ್ ಬ್ಯಾಕ್ ಉಳಿಯಿತು, ಅದು ಬೇರೆ ಕಥೆ.)

ತಿಳಿಸಿದ್ದು ಜರ್ಮನಿಯ ಬಾಖ್. ಕಲಿಯುವವರಿಗೆಂದು ಆತ 1723ರಲ್ಲಿ ಒಟ್ಟುಮಾಡಿದ 15 ‘ಇನ್ವೆನ್ಷನ್’ಗಳಲ್ಲಿ ಮೊದಲನೆಯದು ನಮ್ಮ ಲೆಕ್ಕದಲ್ಲಿ ಸ ರಿ ಗ ಮ ರಿ ಗ ಸ ಪ ಎಂದು ಶುರುವಾಗುತ್ತದೆ. ಬಲಗೈ ಇಷ್ಟು ನುಡಿಸಿ ಮುಂದೆ ಹೋಗುತ್ತದೆ. ಎರಡು ಎಣಿಕೆ ಕಳೆದ ಮೇಲೆ ಎಡಗೈ ಕೆಳಗಿನ ಸ್ಥಾಯಿಯಲ್ಲಿ ಅದನ್ನೇ ಎತ್ತಿಕೊಳ್ಳುತ್ತದೆ. ಆಗ ಬಲಗೈ ಬೇರೇನನ್ನೋ ನಿಧಾನವಾಗಿ ಹೇಳುತ್ತಿರುತ್ತದೆ. ಒಂದು ಓಡಿದರೆ ಇನ್ನೊಂದು ನಡೆಯುತ್ತದೆ. ಮೂರನೇ ಬಾರ್‌ಗೆ ಬರುವಷ್ಟರಲ್ಲಿ ಅದೇ ಧಾಟಿ ತಲೆಕೆಳಗಾಗಿ, ಏರಿದ್ದು ಇಳಿಯತೊಡಗುತ್ತದೆ. ಇಯರ್‌ಫೋನ್ ಹಾಕಿ ಬರೀ ಕೆಳಗಿನ ಧಾಟಿಯನ್ನೇ ಹಿಂಬಾಲಿಸಿ ನೋಡಿ. ಅದೂ ಪೂರ್ತಿ ಹಾಡೇ!

ವಿಯೆನ್ನಾದ ಫುಕ್ಸ್ 1725ರಲ್ಲಿ ಬರೆದ ಪಠ್ಯಪುಸ್ತಕದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಎರಡು ಧಾಟಿಗಳು ಸ–ಪ ಅಂತರವನ್ನೋ ಸ–ಮೇಲಿನ ಸ ಅಂತರವನ್ನೋ ಕಾಯ್ದುಕೊಂಡು ಜೊತೆಗೇ ಏರಿಳಿಯಬಾರದು. ಕೆಟ್ಟದಾಗಿ ಕೇಳಿಸುತ್ತದೆ ಎಂದಲ್ಲ. ಎಷ್ಟು ಬೆರೆತುಹೋಗುತ್ತವೆಂದರೆ, ಎರಡು ಇದ್ದದ್ದು ಒಂದೇ ಎಂಬಂತೆ ಕೇಳಿಸುತ್ತದೆ. ಸೀನಿಯರ್ ಮಾತು ನನಗೆ ನಾಟಿದ್ದು ಇಲ್ಲಿಗೆ ಬಂದಾಗ. ನಾನು ಒಂದು ತಪ್ಪು ಸ್ವರವನ್ನೂ ನುಡಿಸಿರಲಿಲ್ಲ. ನಾನು ಇರಲೇ ಇಲ್ಲ, ಅಷ್ಟೇ.

ಈಗ ಆ ಇನ್ವೆನ್ಷನ್‌ನ 22 ಬಾರ್‌ಗಳಲ್ಲಿ ಆರು ಕೈಗೆ ಕೂತಿವೆ. ಏಳನೆಯದರಲ್ಲಿ ಎಡಗೈ ಮೊದಲು ಹೊರಡಬೇಕು, ಬಲಗೈ ಕಾಯಬೇಕು. 20 ವರ್ಷದ ರೂಢಿ, ಬಲಗೈ ಎಲ್ಲಿ ಕೇಳುತ್ತದೆ? ‘ಹೆಡ್‌ಫೋನ್ ಹಾಕ್ಕೊಳ್ಳೋ ಮಾರಾಯ’ ಎಂದು ರೂಮ್‌ಮೇಟ್ ಬೈಯುತ್ತಾನೆ.

ಮುಂದಿನ ತಿಂಗಳು ಮತ್ತೆ ಫೆಸ್ಟ್ ಆಡಿಷನ್. ಹಾಡುವವಳು ಒಂದೇ ಸ್ವರ ಹಿಡಿದು ನಿಲ್ಲುವ ಜಾಗಕ್ಕೆಂದು ಎಂಟು ಸ್ವರಗಳ ಒಂದು ಧಾಟಿ ಬರೆದಿಟ್ಟುಕೊಂಡಿದ್ದೇನೆ. ಎಡಗೈಗೆ.